ಡಿಸ್ಕಿಗೆ ಇಳಿಯಬೇಕಾದ ಮದುವೆ

ಐವಾನ್-ಎ-ಶಾಹಿ ಕಡೆಯ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಮುಂದೆ ಕಮಲಾಪುರದ ಅಣ್ಣ ತಂಗಿ ನಿಂತಿದ್ದರು. ತಂಗಿಯ ಕೈಯಲ್ಲಿ ಹಳೆಯ ವಿಡಿಯೊ ಟೇಪು ಇತ್ತು. ಅಂಗಡಿಯ ಇನಾಯತ್ ಎರಡು ಪೆಟ್ಟಿಗೆ ತಂದಿಟ್ಟರು.

“ಇದು ಕಂಪ್ಯೂಟರಿಗೆ ಹಚ್ಚೋ ಬರ್ನರ್. ವಿಡಿಯೊ ಮೊದಲ ಕಂಪ್ಯೂಟರಿಗೆ ತಗೊಂಡು, ಬ್ಯಾಡಾದದ್ದು ಕತ್ತರಿಸಿ, ಆಮ್ಯಾಲ ಡಿಸ್ಕಿಗೆ ಹಾಕಬಹುದು. ಇದು ರೆಕಾರ್ಡರ್. ಟೇಪಿನಾಗ ಇದ್ದದ್ದು ಇದ್ದಂಗ ಇಳಸ್ತದ.”

“ಬರ್ನರ್ ಕೊಡ್ರಿ,” ಎಂದ ಅಣ್ಣ.

“ರೆಕಾರ್ಡರ್ ಕೊಡ್ರಿ,” ಎಂದಳು ತಂಗಿ.

“ಮದುವಿ ನಂದು, ಸಂಘಮಿತ್ರಾ.”

“ಅವ್ವ ನಮ್ಮಿಬ್ಬರಿಗೂ ಸೇರಿದಾಕಿ, ಕಪಿಲಣ್ಣ. ಆಕಿ ನಡದಾಡೋದು, ಮಾತಾಡೋದು ಈ ಟೇಪು ಬಿಟ್ರ ಎಲ್ಲೂ ಇಲ್ಲ.”

“ಅವ್ವನ್ನ ಯಾರು ತೆಗೀತೀನಂದ್ರು? ಗೌತಮಿನ್ನ ತೆಗೀತೀನಿ. ಬಿಟ್ಟು ಹೋದಾಕಿ ಮಾರಿ ನನ್ನ ಈಗಿನ ಹೆಂಡ್ತಿ ಯಾಕ ನೋಡಬೇಕು?”

“ಆಕಿ ಬಿಟ್ಟು ಹೋಗಿಲ್ಲ. ನೀ ಹೊರಗ ಹಾಕಿದಿ.”

“ಸಣ್ಣಗ ಮಾತಾಡು. ಜನ ಕೇಳ್ಲಾಕತ್ತಾರ.”

“ಕೇಳ್ಲಿ. ಕೋರ್ಟಿನಾಗ ಆಕಿ ಮ್ಯಾಲ ಒದರುವಾಗ ನಿನಗ ಜನ ಕಂಡಿರಲಿಲ್ಲೇನು?”

ನಾನು ಗಾಜಿನ ಕಪಾಟಿನಲ್ಲಿದ್ದ ಮೌಸುಗಳನ್ನು ನೋಡತೊಡಗಿದೆ.

“ಅವ್ವ ಒಬ್ಬಾಕಿನೇ ಇರೋದಷ್ಟು ಇಟ್ಕೋತೀನಿ. ಸಾಕಲ್ಲೇನು?”

“ಒಬ್ಬಾಕಿ ಎಲ್ಲಿ ಅದಾಳ? ಟೇಪಿನ ತುಂಬ ಅವ್ವ ಗೌತಮಿ ಸೆರಗು ಸರಿ ಮಾಡ್ಕೋತ, ಆಕಿ ಬಾಯಾಗ ಲಾಡು ಇಟ್ಕೋತ ನಗತಾಳ. ಗೌತಮಿನ್ನ ತೆಗದ್ರ ಅವ್ವ ಯಾರ ಮಾರಿ ನೋಡಿ ನಗಬೇಕು?”

ಕಪಿಲ ಇನಾಯತ್ ಕಡೆ ತಿರುಗಿದ. “ಬರ್ನರಿಗೇ ಬಿಲ್ ಮಾಡ್ರಿ.”

“ಮಾಡಸ್ಕೋ. ಖಾಲಿ ಡಿಸ್ಕು ನೋಡ್ಕೋತ ಕೂಡು.”

ಸಂಘಮಿತ್ರಾ ಟೇಪನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಪೆಟ್ಟಿಗೆಯನ್ನು ಕೌಂಟರಿನ ಮೇಲೆಯೇ ಬಿಟ್ಟು ಕಪಿಲ ಅವಳ ಹಿಂದೆ ಓಡಿದ.