ಸೇತುವೆ ಮೇಲೆ ನಿಂತ ಕುದುರೆಗಳು

ತಡಿ ತಡಿ ತಡಿ! ಎಸೀಬೇಡ! ದಾಳ ಕೈಲೇ ಇಟ್ಕೋ... ಯಾಕೆ ನಗ್ತೀಯ? ನಗೋ ವಿಷಯ ಅಲ್ಲ ಕಣೇ ಇದು. ನಿನ್ನ ಕುದುರೆ ಸವಾರರು ಅಷ್ಟೂ ಜನ ಸೇತುವೆ ಮೇಲೆ ನಿಂತಿದಾರೆ. ಆ ಕಡೆ ದಂಡೇಲಿ ನನ್ನ ಫಿರಂಗಿ ಬಾಯಿ ತೆಕ್ಕೊಂಡು ಕೂತಿದೆ. ಐದೋ ಆರೋ ಬಿದ್ರೆ ದಾಟ್ತೀಯ. ಬೀಳ್ಲಿಲ್ಲ ಅಂದ್ರೆ? ಎಲ್ಲಾ ನೀರುಪಾಲು! ಆಮೇಲೆ ಈ ಮೇಜಿನ ಮೇಲೆ ನಿನ್ನ ಕಡೆ ಉಳಿಯೋದು ಯಾರು ಹೇಳು? ಆ ಕಾಲು ಮುರಿದ ಕಹಳೆಯವನು. ಅವನ ಕಾಲು ಮುರಿದಿದ್ದೂ ಯುದ್ಧದಲ್ಲಲ್ಲ, ನೀನು ಬೊಂಬೆ ಡಬ್ಬ ಬೀಳಿಸಿದ್ದಕ್ಕೆ.

ಓ, ಶತ್ರು ಬುದ್ಧಿ ಹೇಳ್ತಾನೆ ಅಂತ ನಗ್ತಿದೀಯಾ? ಹೇಳೇ ಹೇಳ್ತೀನಿ. ತಾಳಿ ಕಟ್ಟಿದ ಶತ್ರು ನಾನು, ಹೇಳ್ದೆ ಇರೋಕಾಗುತ್ತಾ?

ನೋಡು, ಎಷ್ಟು ಸಲ ಹೇಳಿದೀನಿ. ಮೊದ್ಲು ದಾಳ ಬೇಡದ ಕೆಲಸ ಎಲ್ಲಾ ಮುಗಿಸ್ಕೋ. ಬಂದೂಕಿನವರನ್ನ ಗೋಡೆ ಹಿಂದೆ ನಿಲ್ಲಿಸು. ಕಾಲಾಳುಗಳನ್ನ ಗುಡ್ಡದ ಮರೆಗೆ ಸರಿಸು. ಅದಾದ್ಮೇಲೆ, ತಪ್ಪಿದ್ರೂ ಪರವಾಗಿಲ್ಲ ಅನ್ನೋ ಅಂಥ ದಾಳ. ಸರ್ವನಾಶ ಮಾಡೋ ದಾಳ ಕಟ್ಟಕಡೇಲಿ! ಅದೂ ಬೇರೆ ದಾರೀನೇ ಇಲ್ಲ ಅಂದಾಗ. ನೀನೋ... ಕೂತ ತಕ್ಷಣ ಎಸೆದ್ಬಿಡ್ತೀಯ. ದಿನಾ ಅಷ್ಟೊಂದು ಜನರನ್ನ ಕೂರಿಸ್ಕೊಂಡು ಬಸ್ಸು ಓಡಿಸ್ತೀಯ, ಒಂದು ಗೀರು ಬೀಳಿಸಿದೋಳಲ್ಲ. ಈ ಮೇಜಿನ ಹತ್ರ ಬಂದ್ರೆ ನಿನಗೆ ಬ್ರೇಕೇ ಇರಲ್ಲ ನೋಡು! ನಾನು ಗಾಜು ಕೊಯ್ಯೋನಪ್ಪ. ಗೀಟು ಎಳೆಯೋ ಮುಂಚೆ ಅಳೀತೀನಿ, ಮತ್ತೆ ಅಳೀತೀನಿ. ಎಳೆದಾದ್ಮೇಲೆ ಮುಗೀತು, ಗಾಜು ಮಾತು ಕೇಳಲ್ಲ.

ಆಯ್ತು, ಎಸೀಲೇಬೇಕಾ? ಹಾಗಾದ್ರೆ ನಮ್ಮನೆ ನಿಯಮದ ಪ್ರಕಾರ ಎಸಿ. ಹೋದ್ರೆ ಏನು ಹೋಗುತ್ತೆ ಅಂತ ಬಾಯಿಬಿಟ್ಟು ಹೇಳ್ಬೇಕು. ನೀನೇ ಮಾಡಿದ ನಿಯಮ ಅಲ್ವಾ? ನಾನು ಸೋತಾಗೆಲ್ಲ ‘ಇಷ್ಟೆಲ್ಲ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ’ ಅಂತ ರಾಗ ಎಳೀತಿದ್ದೆ ಅಂತ ಮಾಡಿದ್ದು. ಹೇಳು ಈಗ. ಏನು ಹೋಗುತ್ತೆ?

...ಏನಂದೆ?

ಬುಧವಾರ? ಬುಧವಾರದ ಮಾತು ಈಗ ಯಾಕೆ? ನಾನು ಕುದುರೆ ವಿಷಯ ಕೇಳಿದ್ದು ಮಹರಾಯ್ತಿ!

ಇಲ್ಲ, ಇಲ್ಲ... ತಪ್ಪಿಸ್ಕೋತಿಲ್ಲ. ಗೊತ್ತು. ಬುಧವಾರ ಡಾಕ್ಟರಮ್ಮನ ಹತ್ರ ಹೋಗ್ಬೇಕು. ಮತ್ತೆ ಮಗೂಗೆ ಪ್ರಯತ್ನ ಮಾಡೋ ಮುಂಚೆ ಇಬ್ಬರೂ ಪರೀಕ್ಷೆ ಮಾಡಿಸ್ಕೋಬೇಕು. ಮರೆತಿಲ್ಲಮ್ಮ. ಆದ್ರೆ ಬುಧವಾರಾನೇ ಬ್ಯಾಂಕಿನವರು ಮುಂದಿನ ಗಾಜು ಕೂರಿಸ್ಕೊಡಿ ಅಂತ ಪ್ರಾಣ ತಿಂತಿದಾರೆ. ಹೋದ ಬುಧವಾರ? ಹೋದ ಬುಧವಾರ ಔಷಧಿ ಅಂಗಡಿಯವರದ್ದು ಒಡೆದಿತ್ತಲ್ಲ. ಊರಿನ ಗಾಜೆಲ್ಲ ಬುಧವಾರಾನೇ ಒಡೆಯುತ್ತಾ ಅಂದ್ರೆ ನಾನೇನು ಮಾಡ್ಲಿ? ಒಡೆಯೋ ಗಾಜಿಗೆ ವಾರ ಗೊತ್ತಾ?

ಸರಿ. ದಾಳ ಕೆಳಗಿಡು. ಮಾತಾಡೋಣ.

ನಿನಗೆ ನೆನಪಿಲ್ಲ. ಮೊದಲನೇದು ಹೋದಾಗಿನ ಹಾಗಲ್ಲ, ಎರಡನೇ ಸಲದ ಹೆರಿಗೇಲಿ ನಿನಗೆ ಪ್ರಜ್ಞೇನೇ ಇರ್ಲಿಲ್ಲ. ನಾನು ಆಸ್ಪತ್ರೆ ಕಾರಿಡಾರಲ್ಲಿ ನಿಂತಿದ್ದೆ. ನಿಮ್ಮಮ್ಮ ನನ್ನ ತೋಳು ಹಿಡ್ಕೊಂಡು ‘ಅಳಿಯಂದ್ರೇ, ಅಳಿಯಂದ್ರೇ’ ಅಂತಿದ್ರು, ಮುಂದಕ್ಕೆ ಮಾತೇ ಇಲ್ಲ. ನರ್ಸು ರಕ್ತದ ಚೀಲ ತಂದ್ರು, ಮತ್ತೆ ಓಡಿದ್ರು, ಮತ್ತೆ ತಂದ್ರು. ಡಾಕ್ಟರಮ್ಮ ಹೊರಗೆ ಬಂದು ‘ಮಗು ಉಳೀಲಿಲ್ಲ’ ಅಂದ್ರು. ನನಗೆ ಅದು ಕಿವಿಗೇ ಬೀಳ್ಲಿಲ್ಲ ಕಣೇ. ‘ಅವಳು?’ ಅಂದೆ. ‘ನೋಡೋಣ’ ಅಂದ್ರು. ನೋಡೋಣ! ತರಕಾರಿ ಚೌಕಾಸಿ ಮಾಡೋವಾಗ ಅಂತೀವಲ್ಲ, ಹಾಗೆ...

ಈ ಸಲ ಹಾಗಾಗಲ್ಲ ಅಂತ ಯಾರಂದ್ರು? ಡಾಕ್ಟರಮ್ಮ ‘ಬಹುಶಃ ಆಗಲ್ಲ’ ಅಂದ್ರು. ನಾನೂ ಅಲ್ಲೇ ಕೂತಿದ್ದೆ, ಕೇಳಿಸ್ಕೊಂಡೆ. ಬಹುಶಃ! ದಾಳದಲ್ಲಿ ಒಂದೇ ಒಂದು ಮುಖ ಕೆಟ್ಟದ್ದು ಅಂದ್ರೂ ಆ ಮುಖ ಬೀಳ್ದೆ ಇರುತ್ತಾ? ಹೋದ ಭಾನುವಾರ ನನಗೆ ಎಸೆದಾಗೆಲ್ಲ ಬರೀ ಒಂದೇ ಬಿತ್ತಲ್ಲ. ಹೊಟ್ಟೆ ಹಿಡ್ಕೊಂಡು ನಕ್ಕೆ ನೀನು.

ಏನು? ಸೋಲ್ತಾ ಇರೋರು ಎಸೀಲೇಬೇಕು ಅಂತ ನಾನೇ ಹೇಳ್ಕೊಟ್ಟಿದ್ದಾ? ಹೌದು. ಗೆಲ್ತಾ ಇದ್ರೆ ದಾಳದ ತಂಟೆಗೇ ಹೋಗ್ಬೇಡ, ಸೋಲ್ತಾ ಇದ್ರೆ ಸುಮ್ನೆ ಕೂತ್ರೂ ಸಾವೇ, ಎಸಿ. ನಾನೇ ಅಂದಿದ್ದು. ಇಲ್ಲ ಅಂದ್ನಾ? ಆದ್ರೆ ನಾವು ಸೋಲ್ತಾ ಇಲ್ವಲ್ಲೇ! ಮನೆ ಇದೆ, ಕೆಲಸ ಇದೆ, ಭಾನುವಾರ ಬಂದ್ರೆ ಈ ಮೇಜಿದೆ, ನೀನಿದೀಯ, ನಾನಿದೀನಿ... ಇನ್ನೇನು...

ಯಾಕೆ ಹಾಗೆ ನೋಡ್ತೀಯ?

ನೀನು... ಸೋಲ್ತಾ ಇದೀಯಾ? ನನ್ನ ಜೊತೆ ಇದ್ಕೊಂಡೂ?

ಬೇಡ, ಹೇಳ್ಬೇಡ. ಗೊತ್ತು ನನಗೆ. ನಿಮ್ಮಕ್ಕನ ಮಗಳನ್ನ ಮಡಿಲಲ್ಲಿ ಹಾಕ್ಕೊಂಡು ಕೂತಾಗ ನಿನ್ನ ಮುಖ ನೋಡಿದೀನಿ. ನಾನೇನು ಕಲ್ಲಾ?

ಇಲ್ಲ, ಅದಕ್ಕೂ ಬುಧವಾರಕ್ಕೂ ಸಂಬಂಧ ಇಲ್ಲ. ಬ್ಯಾಂಕಿನವರಿಗೆ ನೀನು ಫೋನ್ ಮಾಡೋದೇನೂ ಬೇಡ! ದೊಡ್ಡ ಗಾಜು ಅದು, ನಮ್ಮ ಅಂಗಡಿ ಹುಡುಗರ ಕೈಲೇ ಆಗಲ್ಲ. ನಾನೂ ಒಂದು ಕೈ ಹಾಕ್ಬೇಕು. ಈಗ ಹಾಕ್ಬಹುದು, ತೊಂದ್ರೆ ಇಲ್ಲ. ಆಗ ಸ್ವಲ್ಪ ದಿನ ಭಾರ ಎತ್ತಬೇಡಿ ಅಂದಿದ್ರು ಡಾಕ್ಟ್ರು, ಈಗ ಎಲ್ಲಾ ವಾಸಿಯಾಗಿ...

ಯಾವ ಡಾಕ್ಟ್ರಾ?

ಅದೇ... ಸೊಂಟಕ್ಕೆ. ಶೋರೂಮಿನ ಗಾಜು ಕೂರಿಸೋಕೆ ಬೇರೆ ಊರಿಗೆ ಹೋಗಿದ್ನಲ್ಲ, ಬಂದಾಗ ಸೊಂಟ ಹಿಡ್ಕೊಂಡಿತ್ತಲ್ಲ. ಹೌದು, ಮುಲಾಮು ಹಚ್ಚಿದ್ದು ನೀನೇ. ಹೌದು, ಡಾಕ್ಟ್ರ ಹತ್ರ ಹೋಗೋಣ ಅಂತ ನೀನು ಜಗಳ ಆಡಿದ್ದೂ ಹೌದು, ನಾನು ಬೇಡ ಅಂದಿದ್ದೂ ಹೌದು... ಆಮೇಲೆ ಹೋಗಿದ್ದೆ. ಅಲ್ಲ, ಮುಂಚೆ. ಅಲ್ಲೇ, ಆ ಊರಲ್ಲೇ... ಅಯ್ಯೋ, ಒಂದು ಸೊಂಟನೋವಿಗೆ ಎಷ್ಟು ಪ್ರಶ್ನೆ! ಎಸಿ. ದಾಳ ತಗೋ, ಎಸಿ. ಆಟ ಮುಗಿಸೋಣ. ಕುದುರೆ ಹೋದ್ರೆ ಹೋಗ್ಲಿ. ನಾನೇ ಹೇಳ್ತಿದೀನಿ ಈಗ, ಎಸಿ ಅಂದೆ!

...

ದಾಳ ಯಾಕೆ ನನ್ನ ಕಡೆ ತಳ್ತೀಯ?

...

ಹಾಗೆ ನೋಡ್ಬೇಡ ಕಣೇ. ಕೈ ಮುಗೀತೀನಿ.

ಸೊಂಟ ನೋವಿರ್ಲಿಲ್ಲ. ಶೋರೂಮೂ ಇರ್ಲಿಲ್ಲ. ಆಪರೇಷನ್ ಮಾಡಿಸ್ಕೊಂಡು ಬಂದೆ. ಗಂಡಸರಿಗೆ ಮಾಡ್ತಾರಲ್ಲ, ಇನ್ನು ಮಕ್ಕಳಾಗದ ಹಾಗೆ... ಅದು. ಪರೀಕ್ಷೆ ಮಾಡಿದ್ರೆ ಗೊತ್ತಾಗಿಬಿಡುತ್ತೆ ಅಂತ ಗಾಜು ಒಡೀತು, ಬ್ಯಾಂಕು, ಅದು ಇದು ಅಂತ ಸುಳ್ಳು ಪೋಣಿಸ್ತಾ ಬಂದೆ. ನಿನ್ನ ಕೇಳ್ಬೇಕಿತ್ತು. ಕೇಳಿದ್ರೆ ನೀನು ಬೇಡ ಅಂತಿದ್ದೆ. ಗೊತ್ತಿದ್ದೇ ಕೇಳ್ಲಿಲ್ಲ.

ಬೈಯಿ. ಈ ಮೇಜು ಎತ್ತಿ ಬಿಸಾಡು. ಹೋಗಿ ನಿಮ್ಮಮ್ಮನಿಗೆ ಹೇಳು. ಏನಾದ್ರೂ ಮಾಡೇ! ನಿನ್ನ ಜೀವ ಉಳೀಲಿ ಅಂತ ಮಾಡ್ದೆ ಕಣೇ. ಸಂಜೆ ನೀನು ಡ್ಯೂಟಿ ಮುಗಿಸಿ ಬಾಗಿಲು ತೆಗೆದಾಗೆಲ್ಲ ‘ಬಂದ್ಲಲ್ಲ, ಸಾಕು’ ಅನ್ಕೊಂಡಿದೀನಿ. ನಿನಗೋಸ್ಕರ ಮಾಡ್ದೆ. ಆಣೆ ಮಾಡಿ ಹೇಳ್ತೀನಿ, ನಿನಗೋಸ್ಕರ...

...

ಇಲ್ಲ.

ನೀನು ಹೆದರಿರ್ಲಿಲ್ಲ. ಯಾವತ್ತೂ ಹೆದರ್ಲಿಲ್ಲ. ಆ ಕಾರಿಡಾರಲ್ಲಿ ನಿಂತು ನಾನು ಯೋಚಿಸಿದ್ದು ನಿನ್ನ ನೋವಲ್ಲ. ನಾಳೆ ಬೆಳಿಗ್ಗೆ ಒಬ್ಬನೇ ಬೀಗ ತೆಗೆದು ಮನೆಯೊಳಗೆ ಹೇಗೆ ಕಾಲಿಡ್ಲಿ ಅಂತ. ನನಗೋಸ್ಕರ ಮಾಡಿಸ್ಕೊಂಡೆ ಕಣೇ. ನನಗೋಸ್ಕರ.