ಆರರ ಚೀಟಿ

ಬಿದ್ಗೋಶ್ಚ್ ಊರಿನ ಬೇಕರಿಯಲ್ಲಿ ಜಾಮ್ ತುಂಬಿ ಕರಿದ ಬನ್ನು, ಪೊಂಚ್ಕಿಗಾಗಿ ನಿಂತ ಸಾಲು ಬೀದಿಯವರೆಗೂ ಬಂದಿತ್ತು. ನನ್ನ ಮುಂದೆ ನಿಂತವರು ನಮ್ಮ ಕ್ಲಬ್ಬಿನ ಲುದ್ಮಿಲಾ ಮತ್ತು ಬೊಜೆನಾ, ಹದಿನೆಂಟು ವರ್ಷದಿಂದ ಜೋಡಿಯಾಗಿ ಬ್ರಿಡ್ಜ್ ಎಂಬ ಇಸ್ಪೀಟಾಟ ಆಡುತ್ತಿರುವವರು. ಆಟದಲ್ಲಿ ಎಷ್ಟು ಪಟ್ಟು ಗೆಲ್ಲುತ್ತೇವೆಂದು ಬಾಯಿಬಿಡದೆ ಕೂಗಲು ಮುಂದಿಡುವ ಚೀಟಿಗಳ ಡಬ್ಬಿ ಬೊಜೆನಾಳದು; ಚೀಟಿಯ ಅಂಕಿಗೆ ಆರು ಸೇರಿಸಿದರೆ ಪಟ್ಟಿನ ಲೆಕ್ಕ. ಅದನ್ನು ತೆರೆದು ಹಿಡಿದಿದ್ದವಳು ಲುದ್ಮಿಲಾ.

“ಈ ಆರರ ಚೀಟಿ ಮೇಲೆ ಜಾಮ್ ಹೆಂಗೆ ಬಂತು?”

“ಎಲ್ಲೋ ತಾಗಿರಬೇಕು ಕಣೆ.”

“ಎರಡರದ್ದು, ಮೂರರದ್ದು ಅಂಚು ಸವೆದಿದೆ. ನಾವು ಯಾವತ್ತೂ ಕೂಗದ ಆರರದ್ದು ತಂದ ದಿನದ ಹಾಗೇ ಇತ್ತು. ನಿಜ ಹೇಳು, ಕ್ಲಬ್ಬಿನ ಆ ಯಾಗೋದಾ ಜೊತೆ ಆಡಿದ್ಯಾ?”

“ಒಂದೇ ದಿನ. ನಿಂಗೆ ಜ್ವರ ಇತ್ತಲ್ಲ.”

“ಸ್ಲ್ಯಾಮ್ ಕೂಗಿದ್ರಾ?”

“ಕೂಗಿದ್ವಿ. ಹದಿಮೂರು ಪಟ್ಟಲ್ಲಿ ಹನ್ನೆರಡು ನಮ್ಮದೇ ಅಂದ್ವಿ. ಗೆದ್ವಿ.”

“ಕೈಯಲ್ಲಿ ಎಕ್ಕ ಎಷ್ಟಿದೆ ಅಂತ ಚೀಟಿ ಇಟ್ಟು ಅವಳನ್ನ ಕೇಳಿದ್ಯಾ?”

“ಕೇಳದೆ ಆರು ಕೂಗೋಕಾಗುತ್ತಾ? ಹಿಂದಿನ ದಿನ ತನ್ನ ಅಡುಗೆಮನೇಲಿ ಕೂರಿಸ್ಕೊಂಡು ಹೆಂಗೆ ಕೇಳೋದು ಅಂತ ಅವಳೇ ಕಲಿಸಿದ್ಳು.”

“ಅಡುಗೆಮನೇಲಿ ಬೇರೆ! ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸಲ ನನ್ನ ಎಕ್ಕ ಕೇಳಿದ್ದೀಯಾ ನೀನು?”

“ಕೇಳಿ, ಕೂಗಿ, ಸೋತ್ರೆ ನೀನು ವಾರ ಪೂರ್ತಿ ಮಾತು ಬಿಡ್ತೀಯ. ಸೋತ್ರೂ ನಗ್ತಾಳೆ ಅವಳು.”

ಲುದ್ಮಿಲಾ ಡಬ್ಬಿ ಮುಚ್ಚಿದಳು. ಅವರ ಸರದಿ ಬಂತು. ಬಿಸಿ ಪೊಂಚ್ಕಿ ಎರಡು ಕೊಂಡು ಲುದ್ಮಿಲಾ ಒಂದನ್ನು ಬೊಜೆನಾಳ ಕೈಗಿಟ್ಟಳು.

“ತಿನ್ನು. ಇಲ್ಲಿಂದ ಸೀದಾ ಆಟಕ್ಕೇ ಹೋಗೋಣ.”

“ಕರವಸ್ತ್ರ ಇದ್ರೆ ಕೊಡೇ, ಜಾಮ್ ಸೋರ್ತಿದೆ.”

“ಕೊಡಲ್ಲ. ಅವತ್ತು ಕೈ ಒರೆಸ್ಕೊಂಡು ಆರು ಕೂಗಿದ್ಯಾ? ಇವತ್ತೂ ಹಂಗೇ ಕೂಗು.”

ಇಬ್ಬರೂ ಕ್ಲಬ್ಬಿನ ಕಡೆ ತಿರುಗಿದರು.