ಹುಲುಗಣ್ಣನ ಐದು ಪೆಟ್ಟಿಗೆಗಳು

ಹರಪನಹಳ್ಳಿಯಲ್ಲಿ ಆ ಸಂಜೆ ಮಳೆ ಹಿಡಿದ ರೀತಿ ನೋಡಿದರೆ ಬಸ್ ಸ್ಟ್ಯಾಂಡಿನವರೆಗೆ ಹೋಗುವುದೂ ಆಗದ ಮಾತಾಗಿತ್ತು. ದಾವಣಗೆರೆಯ ಪ್ರವೀಣಕುಮಾರ ಅದಕ್ಕೇ ಭರಮಮ್ಮನ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಪಕ್ಕದ ಮನೆಯ ಪುಷ್ಪಲತಾ ಸುಟ್ಟ ಮೆಕ್ಕೆಜೋಳದ ತೆನೆಗಳನ್ನು ಮೊರದಲ್ಲಿ ತಂದಿಟ್ಟು ಬಾಗಿಲ ಬಳಿ ಕೂತಳು. ಅವಳ ಹಿಂದೆಯೇ ಓಣಿಯ ಇನ್ನಿಬ್ಬರು ಹೆಂಗಸರು ತಲೆಗೆ ಸೆರಗು ಹೊದ್ದು ಬಂದರು. ಎಪ್ಪತ್ತು ದಾಟಿದ ಭರಮಮ್ಮ ಬುಡ್ಡಿದೀಪ ಹಚ್ಚಿ ನಡುವೆ ಇಟ್ಟು, ಬಂದವನನ್ನು ಮೇಲಿಂದ ಕೆಳಗೆ ನೋಡಿದಳು.

ಪ್ರವೀಣಕುಮಾರನದು ಟಿವಿ ರಿಪೇರಿ ಅಂಗಡಿ, ಆದರೆ ಅವನಿಗೆ ಹುಚ್ಚು ಹಿಡಿಸಿದ್ದು ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳು. ಹತ್ತು ಹನ್ನೊಂದು ವರ್ಷದ ಹಿಂದೆ ಊರೂರ ಬಸ್ ಸ್ಟ್ಯಾಂಡಿನ ಎದುರು ಮಕ್ಕಳು ಸಾಲುಗಟ್ಟಿ ಆಡುತ್ತಿದ್ದ ಆ ಆಳೆತ್ತರದ ಪ್ಲೈವುಡ್ ಪೆಟ್ಟಿಗೆಗಳು ಈಗ ಗೋದಾಮಿನ ಮೂಲೆ ಸೇರಿದ್ದವು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಟ್ಟೂರು, ಈ ನಾಲ್ಕು ಊರಲ್ಲಿ ಅವನಿಗೆ ನಾಲ್ಕು ಸಿಕ್ಕಿದ್ದವು. ನಾಲ್ಕರ ಪಕ್ಕದ ಹಲಗೆಯ ಮೇಲೂ ಒಂದೇ ಚಿತ್ರ. ಲಂಗ ಜಾಕೀಟು ತೊಟ್ಟು ಕತ್ತಿ ಹಿಡಿದು ನಿಂತ ಹನ್ನೊಂದರ ಹುಡುಗಿ. ಮುಖ ಅದೇ, ನಗು ಅದೇ. ಆದರೆ ಲಂಗದ ಬಣ್ಣ ಒಂದೊಂದಕ್ಕೆ ಒಂದೊಂದು, ಹಡಗಲಿಯದಕ್ಕಂತೂ ಮುಡಿ ತುಂಬ ಮಲ್ಲಿಗೆ. ಇನ್ನೂ ವಿಚಿತ್ರವೆಂದರೆ ಪ್ರತಿಯೊಂದರಲ್ಲೂ ಏನೋ ಒಂದು ಬಿಟ್ಟುಹೋಗಿತ್ತು. ಕೂಡ್ಲಿಗಿಯ ಹುಡುಗಿಯ ಎಡಗೈಗೆ ಬಳೆಯಿಲ್ಲ, ಹಗರಿಬೊಮ್ಮನಹಳ್ಳಿಯವಳ ಒಂದು ಕಿವಿಗೆ ಓಲೆಯಿಲ್ಲ, ಹಡಗಲಿಯವಳ ಜಡೆಗೆ ರಿಬ್ಬನ್ನಿಲ್ಲ, ಕೊಟ್ಟೂರಿನವಳ ಬಲಗಾಲಿಗೆ ಕಿರುಬೆರಳಿಲ್ಲ.

ಕುಂದು ಕಂಡರೆ ಪ್ರವೀಣಕುಮಾರನ ಕೈ ಸುಮ್ಮನಿರುತ್ತಿರಲಿಲ್ಲ. ಅಂದು ಬೆಳಿಗ್ಗೆ ಕೊಟ್ಟೂರಿನಲ್ಲಿ ಆತ ಸಣ್ಣ ಕುಂಚ ತೆಗೆದುಕೊಂಡು ಆ ಕಿರುಬೆರಳನ್ನು ಬರೆದೇ ಮುಗಿಸಿದ್ದ. ಹೊರಡುವ ಮೊದಲು ಎರಡು ಫೋಟೋ ತೆಗೆದಿದ್ದ. ಎರಡನೆಯದರಲ್ಲಿ ಫ್ಲ್ಯಾಶ್ ಬಿದ್ದು ಚಿತ್ರದ ಜಾಗ ಬೆಳ್ಳಗೆ ಹೊಡೆದಂತಿತ್ತು. ಬಸ್ಸಿಗೆ ಹೊತ್ತಾಯಿತೆಂದು ಅದನ್ನು ಸರಿಯಾಗಿ ನೋಡದೆ ಹರಪನಹಳ್ಳಿಗೆ ಬಂದುಬಿಟ್ಟಿದ್ದ. ಐದನೆಯ ಪೆಟ್ಟಿಗೆ ಇಲ್ಲಿದೆ, ಬರೆದವನ ಅಕ್ಕನೂ ಇಲ್ಲೇ ಇದ್ದಾಳೆ ಎಂದು ಯಾರೋ ಹೇಳಿದ್ದರು.

ನಿಮ್ಮ ತಮ್ಮ ಹೀಗೆ ಒಂದೊಂದು ಯಾಕೆ ಮರೆತ ಎಂದು ಅವನು ಕೇಳಿದಾಗ ಭರಮಮ್ಮ ಬೊಚ್ಚುಬಾಯಿ ತೆರೆದು ನಕ್ಕಳು.

"ಮರತನಂತ! ಕೇಳ್ರವ್ವ ಇವನ ಮಾತು. ನನ್ನ ತಮ್ಮ ಹುಲುಗಣ್ಣ ಲಾರಿ ಮ್ಯಾಲ ಹುಲಿ ಬರದ್ನಂದ್ರ ಓಣಿ ನಾಯಿಗೋಳು ದೂರ ನಿಂತು ಬೊಗಳತಿದ್ವು... ಸುಳ್ಳಲ್ಲ. ಆದ್ರ ಆ ಹುಲಿಗೆ ಒಂದು ಉಗುರು ಇರತಿರಲಿಲ್ಲ. ಯಾಕ ಹೇಳ್ರಿ? ಅವಗ ಕಲಿಸಿದ ಗುರು ಅಂತಿದ್ನಂತ, ಪೂರಾ ಬರದದ್ದು ಬರದ ಜಾಗದಾಗ ನಿಲ್ಲಂಗಿಲ್ಲ, ಒಂದು ಕುಂದು ಬಿಡು ಅಂತ. ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಇಡತೀವಲ್ಲ, ಹಂಗ ತಿಳಕೋರ್ರಿ."

ಆಮೇಲೆ ತೆನೆಯ ಕಾಳು ಬಿಡಿಸಿ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತ, ಅವಸರವಿಲ್ಲದೆ, ಆಕೆ ಹೇಳುತ್ತ ಹೋದಳು. ಹುಲುಗಣ್ಣನ ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಗಂಡನನ್ನು ಕಳೆದುಕೊಂಡಿದ್ದ ಭರಮಮ್ಮ ತಮ್ಮನ ಮನೆಗೆ ಬಂದು ಆ ಹಸುಗೂಸನ್ನು ಎತ್ತಿಕೊಂಡವಳು, ಕೆಳಗೆ ಇಳಿಸಲೇ ಇಲ್ಲ. ರೇಣುಕಾ ಎಂದು ಹೆಸರಿಟ್ಟರು. ಶಾಲೆಯಿಂದ ಬಂದ ಕೂಡಲೇ ಆ ಹುಡುಗಿಗೆ ಒಂದೇ ಆಟ. ಅಪ್ಪ ಬರೆದ ಚಿತ್ರದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, ಏನು ಬಿಟ್ಟಿದ್ದಾನೆಂದು ಹುಡುಕುವುದು. ಹುಡುಕಿದರೆ ಪೆಪ್ಪರಮೆಂಟು. ಅಪ್ಪ ಎಷ್ಟೇ ಜಾಣತನ ಮಾಡಿ ಬಚ್ಚಿಟ್ಟರೂ, ನವಿಲಿನ ಸಾವಿರ ಕಣ್ಣಲ್ಲಿ ಒಂದು ಕಣ್ಣು ಬಿಟ್ಟಿದ್ದರೂ, ಆ ಹುಡುಗಿ ಹಿಡಿಯದೆ ಬಿಟ್ಟವಳಲ್ಲ. ಹನ್ನೊಂದು ತುಂಬಿದ ವರ್ಷ ಅವಳಿಗೆ ಕಾಮಾಲೆ ಬಂತು. ಎಂಟು ದಿನ... ಎಂಟೇ ದಿನ. ಅಲ್ಲಿಗೆ ಮುಗಿಯಿತು.

ಒಂದು ವರ್ಷ ಹುಲುಗಣ್ಣ ಕುಂಚ ಮುಟ್ಟಲಿಲ್ಲ. ಅಷ್ಟರಲ್ಲಿ ಬಟ್ಟೆ ಅಂಗಡಿಯ ಗಂಗಾಧರ್ ಐದು ಊರಿಗೆಂದು ಐದು ವಿಡಿಯೋ ಗೇಮ್ ಪೆಟ್ಟಿಗೆ ಮಾಡಿಸಿ, ಕತ್ತಿ ಹಿಡಿದ ಫಾರಿನ್ ಹುಡುಗಿಯ ಚಿತ್ರವೊಂದನ್ನು ಕೊಟ್ಟು, ಐದಕ್ಕೂ ಇದನ್ನೇ ಬರೆದುಕೊಡು ಎಂದ. ಒಂದು ಪಕ್ಕ ಬರೆದರೆ ಸಾಕು, ಇನ್ನೊಂದು ಪಕ್ಕ ಹೇಗೂ ಗೋಡೆಗೆ ಹತ್ತಿರುತ್ತದೆ, ಬಣ್ಣ ಯಾಕೆ ದಂಡ ಮಾಡುತ್ತೀ ಎಂದೂ ಅಂದ. ಭರಮಮ್ಮನೇ ತಮ್ಮನನ್ನು ಕಾಡಿ ಬೇಡಿ ಒಪ್ಪಿಸಿದಳು, ಕೆಲಸ ಮಾಡಿದರೆ ಮನುಷ್ಯನಾದಾನು ಎಂಬ ಆಸೆ. ಮೊದಲನೆಯದನ್ನು ಬರೆಯುತ್ತ ಬರೆಯುತ್ತ ಫಾರಿನ್ ಹುಡುಗಿ ರೇಣುಕಾ ಆದಳು. ಗಂಗಾಧರ್ ಗೊಣಗಿದ. ಆದರೆ ಕೂಡ್ಲಿಗಿಯ ಮಕ್ಕಳು ಪೆಟ್ಟಿಗೆಗೆ ಮುಗಿಬಿದ್ದ ಸುದ್ದಿ ಬಂದ ಮೇಲೆ ಸುಮ್ಮನಾದ.

ನಾಲ್ಕು ಪೆಟ್ಟಿಗೆ ಹೋದವು, ಒಂದೊಂದು ಕುಂದು ಹೊತ್ತುಕೊಂಡು. ಐದನೆಯದು ಹರಪನಹಳ್ಳಿಗೇ. ಅದಕ್ಕೆ ಹಳದಿ ಲಂಗ ಬರೆದ, ಮಗಳನ್ನು ಮಣ್ಣಿಗೆ ಕಳಿಸುವಾಗ ಉಡಿಸಿದ್ದ ಲಂಗ. ಬಳೆ ಬರೆದ, ಎರಡು ಓಲೆ ಬರೆದ, ರಿಬ್ಬನ್ನು ಬರೆದ. ಹತ್ತು ಕಾಲುಬೆರಳಿಗೂ ಉಗುರು ಬರೆದ. ಭರಮಮ್ಮ ಹಿಂದೆ ನಿಂತು, ಇದರಲ್ಲಿ ಏನು ಬಿಟ್ಟೆ ಎಂದು ಕೇಳಿದಳು. ಅವನು ತಿರುಗಿಯೂ ನೋಡಲಿಲ್ಲ.

"ನನಗ ತಿಳೀತು," ಎಂದಳು ಭರಮಮ್ಮ. "ತಿಳಿದೂ ಬಾಯಿ ಮುಚ್ಚಿಕೊಂಡು ಒಲಿ ಮುಂದ ಹೋಗಿ ಕುಂತೆ. ನನಗೂ ಆಕಿ ಬೇಕಾಗಿದ್ಲು."

ಮಳೆ ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಪುಷ್ಪಲತಾ ಕೈಯಲ್ಲಿದ್ದ ತೆನೆಯನ್ನು ಕಚ್ಚದೆ ಮೊರದಲ್ಲಿ ಇಟ್ಟಳು.

"ಮರುದಿನ ಸಂತಿ ಮುಗಿಸಿಕೊಂಡು ಬಂದೀನಿ... ಈ ಪಡಸಾಲಿಯಾಗ ಗ್ವಾಡಿಗೆ ಬೆನ್ನು ಕೊಟ್ಟು ಕುಂತಾಳ, ನನ್ನ ಕೂಸು. ಅದ ಹಳದಿ ಲಂಗ. ಮೈಯೆಲ್ಲ ಬಣ್ಣದ ವಾಸನಿ. ನನ್ನ ತಮ್ಮ ಮುಂದ ಕುಂತು ಅಳಾಕಹತ್ಯಾನ, ನಗಾಕಹತ್ಯಾನ. ಅಲ್ಲಿ ನೋಡಿದ್ರ ಪೆಟಿಗಿ ಹಲಿಗಿ ಮ್ಯಾಲ ಆಕಿ ನಿಂತ ಜಾಗ ಬೋಳು. ಹೆದರಿಕಿ ಬರಲಿಲ್ಲೇನು ಅಂತೀರಿ? ಇಲ್ಲವ್ವ. ಸಂತಿ ಚೀಲ ಅಲ್ಲೇ ಒಗದು ಆಕಿ ಮುಖ ಹಿಡಕಂಡು ಮುದ್ದಾಡಿದೆ. ಗಲ್ಲ ತಣ್ಣಗಿತ್ತು, ಅಷ್ಟ."

ಮೂರು ದಿನ ಇದ್ದಳು. ಬಾಗಿಲು ಹಾಕಿಕೊಂಡು ಅಕ್ಕ ತಮ್ಮ ಇಬ್ಬರೂ ಅವಳ ಮುಂದೆಯೇ ಕೂತರು. ಏನು ಕೊಟ್ಟರೂ ತಿನ್ನಲಿಲ್ಲ. ಗೋಡೆ ಬಿಟ್ಟು ಅಲುಗಲಿಲ್ಲ. ತನ್ನ ಕೈ ನೋಡಿಕೊಳ್ಳುವಳು, ಬಳೆ ಎಣಿಸುವಳು, ಕಿವಿ ಮುಟ್ಟಿ ನೋಡುವಳು, ಕಾಲಿನ ಬೆರಳು ಎಣಿಸುವಳು. ಆಮೇಲೆ ತಲೆಯೆತ್ತಿ ಅಪ್ಪನನ್ನು ಕೇಳುವಳು, ಏನು ಬಿಟ್ಟೆ ಎಂದು. ಹಳೆಯ ಆಟವೇ. ಏನೂ ಬಿಟ್ಟಿಲ್ಲ ಎಂದು ಅವನು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿ ಮತ್ತೆ ಮೊದಲಿಂದ ಎಣಿಸುವಳು. ಮೂರನೆಯ ದಿನ ಹುಲುಗಣ್ಣ ಅವಳಿಗೆ ಇಷ್ಟವೆಂದು ಮಂಡಕ್ಕಿ ತರಲು ಹೋದ. ಮೊದಲಿನಂತೆ ತಲೆ ಬಾಚಿ ಜಡೆ ಹಾಕೋಣವೆಂದು ಭರಮಮ್ಮ ಎಣ್ಣೆ ಬಾಚಣಿಗೆ ಹಿಡಿದು ಹಿಂದೆ ಸರಿದಳು.

"ಹುಡುಗಿ ಗ್ವಾಡಿಗೆ ಇನ್ನೂ ಒತ್ತಿ ಕುಂತ್ಲು. ಏಳವ್ವ, ಒಂದೀಟು ಮುಂದ ಸರಿ ಅಂತ ರಮಿಸಿ, ಹೆಗಲು ಹಿಡಿದು ಸರಿಸಿ, ಹಿಂದ ನೋಡ್ತೀನಿ..." ಭರಮಮ್ಮ ದೀಪದ ಬತ್ತಿ ಏರಿಸಿದಳು. "ಕೂದಲಿಲ್ಲ. ಬೆನ್ನಿಲ್ಲ. ಬರೇ ಹಲಿಗಿ. ಬಡಿಗ ಪೆನ್ಸಿಲ್ಲಿಲೆ ಹೊಡದ ಗೆರಿ, ಐದು ಅಂತ ಬರದ ನಂಬರು. ನನ್ನ ತಮ್ಮ ಮುಂದಿಂದ ಎಲ್ಲಾ ಬರದಿದ್ದ. ಹಿಂದ ಯಾರು ನೋಡತಾರ ಅಂತ... ಅವಗ ನೆನಪ ಆಗಿದ್ದಿಲ್ಲ. ಆಗ ಆಕಿ ಕೇಳಿದ್ಲು. ಅತ್ತೀ, ಸಿಕ್ತೇನು? ಏನ್ ಬಿಟ್ಟಾನ ಅಪ್ಪ?"

ಭರಮಮ್ಮ ಅಂಗೈಯಲ್ಲಿದ್ದ ಕಾಳನ್ನು ಮೊರಕ್ಕೆ ಸುರಿದಳು.

"ಏನಂತ ಹೇಳಲಿ? ನಿನ್ನ ಅರ್ಧಾನ ಬಿಟ್ಟಾನವ್ವ ಅಂತ ಹೇಳಲೇನು ಆ ಕೂಸಿಗೆ? ಉತ್ತರ ಕೊಡಲಿಲ್ಲ ನಾನು. ಕಾಡಿಗಿ ಡಬ್ಬಿ ತಂದೆ. ಗಲ್ಲಕ್ಕ ಒಂದು ಬೊಟ್ಟು ಇಟ್ಟೆ, ಸಣ್ಣಾಕಿ ಇದ್ದಾಗ ಇಡತಿದ್ನಲ್ಲ, ಹಂಗ. ಆಕಿ ನಕ್ಕಳು. ನಾ ಏನ್ ಮಾಡಾಕಹತ್ತೀನಿ ಅಂತ ನನಗ ಗೊತ್ತಿತ್ತು, ಆಕಿಗೆ ಗೊತ್ತಿದ್ದಿಲ್ಲ. ಬೆರಳು ತೆಗೀತಿದ್ದಂಗ ಚಾಪಿ ಬರಿದಾತು. ಹಲಿಗಿ ಮ್ಯಾಲ ನಿಂತಿದ್ಲು, ಗಲ್ಲದ ಮ್ಯಾಲ ಬೊಟ್ಟು ಹೊತ್ತು."

ಮಂಡಕ್ಕಿ ಪೊಟ್ಟಣ ಹಿಡಿದು ಬಂದ ಹುಲುಗಣ್ಣ ಆ ಬೊಟ್ಟನ್ನು ಸೀಮೆಎಣ್ಣೆ ಹಾಕಿ ಒರೆಸಿದ, ಉಗುರಿನಿಂದ ಕೆರೆದ. ಅದು ಹೋಗಲಿಲ್ಲ. ಪೆಟ್ಟಿಗೆಯನ್ನು ಗಂಗಾಧರನಿಗೆ ಕೊಡಲಿಲ್ಲ, ಒಳಕೋಣೆಗೆ ತಳ್ಳಿ ಕಂಬಳಿ ಹೊದಿಸಿದ. ಮತ್ತೆ ಕುಂಚ ಹಿಡಿಯಲಿಲ್ಲ. ಅಕ್ಕನ ಜೊತೆ ಒಂದೇ ಮನೆಯಲ್ಲಿ ಒಂಬತ್ತು ವರ್ಷ ಬದುಕಿ, ಒಂದು ಮಾತೂ ಆಡದೆ, ಎರಡು ವರ್ಷದ ಹಿಂದೆ ತೀರಿಕೊಂಡ.

"ಅವನು ಮಾತಾಡಲಿಲ್ಲ ಅಂತ ನನಗ ಸಿಟ್ಟಿಲ್ಲ," ಎಂದಳು ಭರಮಮ್ಮ. "ಆಕಿ ಕೇಳಿದ್ದಕ್ಕ ನಾ ಉತ್ತರ ಕೊಡಲಿಲ್ಲ ನೋಡ್ರಿ, ಅದು ಒಂದ ಹೊಟ್ಟಿಯಾಗ ಉರೀತೈತಿ."

ಪ್ರವೀಣಕುಮಾರ ಕ್ಯಾಮೆರಾ ತೆಗೆದ. ಬೆಳಗಿನ ಎರಡನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಫ್ಲ್ಯಾಶಿನ ಬೆಳಕು ಅಲ್ಲಿ ಬಿದ್ದೇ ಇರಲಿಲ್ಲ. ಹುಡುಗಿಯ ಆಕಾರದಲ್ಲಿ ಬೋಳು ಪ್ಲೈವುಡ್ ಇತ್ತು, ಮರದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

"ಅಜ್ಜೀ," ಎಂದ, "ಕೊಟ್ಟೂರಿಂದಕ್ಕೆ ನಾನು ಕಿರುಬೆರಳು ಬರದುಬಿಟ್ಟೀನಿ. ಇವತ್ತು ಬೆಳಿಗ್ಗೆ."

ಬೈಯುತ್ತಾಳೆಂದುಕೊಂಡಿದ್ದ. ಭರಮಮ್ಮ ಬೈಯಲಿಲ್ಲ. ಎಷ್ಟು ಹೊತ್ತಿಗೆ ಎಂದು ಕೇಳಿದಳು. ಒಂಬತ್ತಕ್ಕೆ ಎಂದ. ಆಕೆ ಬೆರಳು ಮಡಚಿ ಏನೋ ಲೆಕ್ಕ ಹಾಕಿ, ಗೋಡೆ ಹಿಡಿದು ಎದ್ದು, ಗೂಡಿನಲ್ಲಿದ್ದ ಎಣ್ಣೆ ಬಟ್ಟಲು ಮತ್ತು ಬಾಚಣಿಗೆ ತಂದು ಚಾಪೆಯ ಅಂಚಿಗೆ ಇಟ್ಟಳು. ಕಾಡಿಗೆ ಡಬ್ಬಿಯನ್ನು ಮಾತ್ರ ಪುಷ್ಪಲತಾಳ ಕೈಗೆ ಕೊಟ್ಟು, ಇದನ್ನು ನಿನ್ನ ಮನೆಗೆ ಒಯ್ಯಿ, ನಾನು ಕೇಳಿದರೂ ಕೊಡಬೇಡ ಎಂದಳು. ಬಾಗಿಲ ಬಳಿ ಕೂತಿದ್ದ ಹೆಂಗಸರು ತಾವಾಗಿಯೇ ಎದ್ದು ದಾರಿ ಬಿಟ್ಟರು.

"ಬೆರಳಿನ ಬಣ್ಣ ಒಣಗಿತ್ತೇನಪಾ?" ಎಂದು ಭರಮಮ್ಮ ಕೇಳಿದಳು. "ಕೊಟ್ಟೂರಿಂದ ಅಷ್ಟು ದೂರ, ಈ ಮಳಿಯಾಗ ನಡಕೊಂಡು ಬರಬೇಕು ಕೂಸು."

ಹಸಿ ಬಣ್ಣದ ವಾಸನೆ ಬಂತು. ಪ್ರವೀಣಕುಮಾರ ಬೆರಳು ಮೂಸಿಕೊಂಡ. ಬೆಳಿಗ್ಗೆಯೇ ಸೋಪು ಹಾಕಿ ತೊಳೆದಿದ್ದ, ಅಲ್ಲಿ ಮೆಕ್ಕೆಜೋಳದ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಭರಮಮ್ಮ ಸೆರಗಿನಿಂದ ಚಾಪೆ ಕೊಡವಿ, ಅವನ ತೋಳು ಮೆತ್ತಗೆ ಮುಟ್ಟಿದಳು.

"ಆ ಗ್ವಾಡಿ ಬಿಟ್ಟು ಈಕಡಿ ಕುಂದ್ರಪಾ. ಆಕಿಗೆ ಬೆನ್ನಿಗೆ ಗ್ವಾಡಿ ಬೇಕಾಗತೈತಿ."